ಮೊದಲು ವಾಪಸಿನ ಹೊತ್ತು ಗೊತ್ತುಮಾಡಿ

ಮುಳ್ಳಯ್ಯನಗಿರಿ ನಿಮಗೆಲ್ಲ ಗೊತ್ತು. ನಮ್ಮ ರಾಜ್ಯದ ಅತಿ ಎತ್ತರದ ಬೆಟ್ಟ. ಸಮುದ್ರಮಟ್ಟದಿಂದ ಸುಮಾರು 1,900 ಮೀಟರ್. ಅದರ ನೆತ್ತಿಯ ಮೇಲೆ ನಿಂತರೆ, ಕರ್ನಾಟಕದಲ್ಲಿ ಅದಕ್ಕಿಂತ ಮೇಲೆ ಹತ್ತಲು ಜಾಗವಿಲ್ಲ. ಆದರೆ ಒಮಾನ್ ದೇಶದಲ್ಲಿ ಒಂದು ಕಾಲುದಾರಿ ಇದೆ. ಅದು ಶುರುವಾಗುವುದೇ ಸುಮಾರು ಆ ಎತ್ತರದಲ್ಲಿ.

ಇವತ್ತು ಆ ದಾರಿಯ ಮಾತು. ಅದಕ್ಕಿಂತ ಹೆಚ್ಚಾಗಿ, ಆ ದಾರಿಗೆ ಹೊರಡುವ ಮುಂಚೆ ಮನೆಯಲ್ಲಿ ಕೂತು ಹಾಕಬೇಕಾದ ಲೆಕ್ಕದ ಮಾತು.

ಮೊದಲು ಜಾಗ ಹೇಳುತ್ತೇನೆ. ಒಮಾನಿನ ಉತ್ತರ ಭಾಗದಲ್ಲಿ, ಸಮುದ್ರಕ್ಕೆ ಹೆಚ್ಚುಕಡಿಮೆ ಸಮಾನಾಂತರವಾಗಿ, ಹಜರ್ ಎಂಬ ಪರ್ವತಸಾಲು ಹಬ್ಬಿದೆ. ಉದ್ದ ಸುಮಾರು 700 ಕಿಲೋಮೀಟರ್. ಇದರಲ್ಲಿ ಎಲ್ಲಕ್ಕಿಂತ ಎತ್ತರದ್ದು ಜೆಬೆಲ್ ಶಮ್ಸ್. ಹತ್ತಿರ ಹತ್ತಿರ 3,000 ಮೀಟರ್. ಆ ಬೆಟ್ಟದ ಪಕ್ಕದಲ್ಲಿ ಭೂಮಿ ಬಿರಿದು ಒಂದು ಕಮರಿಯಾಗಿದೆ. ಆಳ ಸುಮಾರು 1,000 ಮೀಟರ್. ಜೋಗದಲ್ಲಿ ರಾಜಾ ಧುಮುಕುವುದು 250 ಮೀಟರ್ ಅಂತ ಇಟ್ಟುಕೊಳ್ಳಿ. ಅಂಥ ನಾಲ್ಕು ಜೋಗಗಳನ್ನು ಒಂದರ ಮೇಲೊಂದು ನಿಲ್ಲಿಸಬೇಕು. ಆದರೆ ನೀರಿಲ್ಲದ ಜೋಗ. ಹಸುರಿಲ್ಲದ ಜೋಗ. ಬರೀ ಬೂದು ಮತ್ತು ಕಂದು ಬಣ್ಣದ ಸುಣ್ಣಕಲ್ಲಿನ ಗೋಡೆ.

ಆ ಗೋಡೆಯ ಮೇಲುಭಾಗದಲ್ಲಿ, ಅಂಚು ಹಿಡಿದು ಒಂದು ದಾರಿ ಸಾಗುತ್ತದೆ. ನಡೆಯುವಾಗ ಒಂದು ಕೈಗೆ ಬಂಡೆ ಸಿಗುತ್ತದೆ. ಇನ್ನೊಂದು ಕೈಗೆ ಗಾಳಿ ಮಾತ್ರ. ಜನ ಇದನ್ನು ಬಾಲ್ಕನಿ ವಾಕ್ ಎನ್ನುತ್ತಾರೆ. ಸರ್ಕಾರದ ಲೆಕ್ಕದಲ್ಲಿ ಇದರ ಹೆಸರು ಡಬ್ಲ್ಯೂ 6. ಅಲ್ ಖಿತೈಮ್ ಎಂಬ ಪುಟ್ಟ ಹಳ್ಳಿಯಿಂದ ಹೊರಟು, ಸುಮಾರು 4 ಕಿಲೋಮೀಟರ್ ನಡೆದರೆ ಜನ ಬಿಟ್ಟುಹೋದ ಒಂದು ಊರು. ಮುಂಚಾಚಿದ ಬಂಡೆಯ ಅಡಿಯಲ್ಲಿ ಕಲ್ಲುಮಣ್ಣಿನ ಮನೆಗಳು. ಅವುಗಳ ಕೆಳಗೆ, ಕಮರಿಯ ಅಂಚಿನವರೆಗೂ ಮೆಟ್ಟಿಲು ಮೆಟ್ಟಿಲಾಗಿ ಕಟ್ಟಿದ ಗದ್ದೆಗಳು. ದಾರಿ ಅಲ್ಲಿಗೆ ಮುಗಿಯಿತು. ಬಂದ ದಾರಿಯಲ್ಲೇ ವಾಪಸು.

ಕನ್ನಡ ಬಾನುಲಿಯಲ್ಲಿ ಒಮಾನಿನ ಬೆಟ್ಟ ಯಾಕೆ ಎಂದು ಕೇಳಬಹುದು. ಕರಾವಳಿಯ ಕೇಳುಗರು ಈ ಪ್ರಶ್ನೆ ಕೇಳುವುದಿಲ್ಲ. ಮಂಗಳೂರು, ಉಡುಪಿ ಕಡೆಯ ಎಷ್ಟೋ ಮನೆಗಳಿಂದ ಒಬ್ಬರಾದರೂ ಗಲ್ಫಿನಲ್ಲಿದ್ದಾರೆ. ಮಸ್ಕತ್ತಿನಲ್ಲಿ ಮಗನೋ ಮಗಳೋ ಇರುತ್ತಾರೆ. ಡಿಸೆಂಬರಿನಲ್ಲಿ ಅಪ್ಪ ಅಮ್ಮನನ್ನು ಕರೆಸಿಕೊಳ್ಳುತ್ತಾರೆ. ಮಾಲು, ಮಸೀದಿ, ಕಡಲತೀರ ಎಲ್ಲ ಆಯಿತು. ಶುಕ್ರವಾರ, ಶನಿವಾರ ಅಲ್ಲಿ ರಜೆ. "ನಾಳೆ ಬೆಟ್ಟಕ್ಕೆ ಹೋಗೋಣ" ಅನ್ನುವ ಮಾತು ಬರುವುದು ಆಗ. ಈ ಭಾಷಣ ಆ "ನಾಳೆ" ಅನ್ನುವ ಪದಕ್ಕೆ.

ನನಗೆ ಹೇಳಲಿಕ್ಕಿರುವುದು ಒಂದೇ ಮಾತು. ಮರುಭೂಮಿಯ ಬೆಟ್ಟಕ್ಕೆ ಹೋಗುವ ಲೆಕ್ಕವನ್ನು ಹೊರಡುವ ಹೊತ್ತಿನಿಂದ ಶುರುಮಾಡಬಾರದು. ವಾಪಸು ಬರುವ ಹೊತ್ತಿನಿಂದ ಶುರುಮಾಡಬೇಕು. ಸಂಜೆಯಿಂದ ಬೆಳಿಗ್ಗೆಯ ಕಡೆಗೆ ಎಣಿಸುತ್ತಾ ಬರಬೇಕು. ಗಡಿಯಾರಕ್ಕೂ ಹೀಗೆ. ನೀರಿಗೂ ಹೀಗೆ. ಜೊತೆಗಾರರ ಕಾಲಿನ ಶಕ್ತಿಗೂ ಹೀಗೆ.

ನಮ್ಮ ಘಟ್ಟಗಳಲ್ಲಿ ನಡೆದವರಿಗೆ ಇದು ಅತಿ ಎನಿಸಬಹುದು. ಘಟ್ಟದಲ್ಲಿ ನಮ್ಮ ರೂಢಿಯೇ ಬೇರೆ. ಬೆಳಿಗ್ಗೆ ಹೊರಡುತ್ತೇವೆ. ಆದಷ್ಟು ಹತ್ತುತ್ತೇವೆ. ಬಾಯಾರಿದರೆ ಹಳ್ಳ ಸಿಗುತ್ತದೆ. ಬಿಸಿಲಾದರೆ ಶೋಲಾ ಕಾಡಿನ ನೆರಳು. ಕುಮಾರ ಪರ್ವತದ ಹಾದಿಯಲ್ಲಾದರೆ ನಡುವೆ ಭಟ್ಟರ ಮನೆ ಇದೆ, ಅನ್ನ ಸಾರು ಇದೆ. ಅಲ್ಲಿ ನಮ್ಮನ್ನು ಕಾಡುವುದು ಜಿಗಣೆ, ಮಳೆ, ಜಾರುವ ಬಂಡೆ. ಅವು ಸಣ್ಣವಲ್ಲ. ಆದರೆ ಘಟ್ಟ ನಮ್ಮ ತಪ್ಪನ್ನು ಅಲ್ಲಲ್ಲಿ ಸರಿಪಡಿಸಿಕೊಳ್ಳಲು ಬಿಡುತ್ತದೆ. ಮರುಭೂಮಿಯ ಬೆಟ್ಟದಲ್ಲಿ ದಾರಿಮಧ್ಯೆ ಸೇರಿಸಿಕೊಳ್ಳುವುದಕ್ಕೆ ಏನೂ ಸಿಗುವುದಿಲ್ಲ. ಮನೆಯಿಂದ ಏನು ಹೊತ್ತಿರೋ ಅಷ್ಟೇ.

ಯಾಕೆ ಸಿಗುವುದಿಲ್ಲ? ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರಿಗೂ ಹೆಚ್ಚು ಮಳೆ. ಜೆಬೆಲ್ ಶಮ್ಸ್ ಎತ್ತರದಲ್ಲಿ 300 ಮಿಲಿಮೀಟರ್ ಆಸುಪಾಸು. ಅದೂ ಒಮಾನಿನ ಮಟ್ಟಿಗೆ ಒಳ್ಳೆಯ ಮಳೆಯೇ. ಆದರೆ ಬಿದ್ದ ನೀರು ಮೇಲೆ ನಿಲ್ಲುವುದಿಲ್ಲ. ಈ ಬೆಟ್ಟ ಒಂದು ಕಾಲದ ಸಮುದ್ರದ ತಳ. ಕೋಟ್ಯಂತರ ವರ್ಷಗಳ ಹಿಂದೆ ಟೆಥಿಸ್ ಎಂಬ ಸಾಗರವಿತ್ತು. ಅದರ ತಳದಲ್ಲಿ ಚಿಪ್ಪು, ಕೆಸರು ಕೂಡಿ ಗಟ್ಟಿಯಾದ ಸುಣ್ಣಕಲ್ಲು ಇದು. ಭೂಮಿಯ ಒತ್ತಡಕ್ಕೆ ಮೇಲೆದ್ದು ಬೆಟ್ಟವಾಗಿದೆ. ಸುಣ್ಣಕಲ್ಲಿನಲ್ಲಿ ಬಿರುಕು ಜಾಸ್ತಿ. ಮೆಲ್ಲಗೆ ಬಿದ್ದ ಮಳೆ ಬಿರುಕಿನಲ್ಲಿ ಇಳಿದು ಬೆಟ್ಟದ ಹೊಟ್ಟೆ ಸೇರುತ್ತದೆ. ಜೋರಾಗಿ ಬಿದ್ದ ಮಳೆ ಬೋಳು ಬಂಡೆಯ ಮೇಲೆ ಸರ್ರನೆ ಜಾರಿ ಕಣಿವೆಗೆ ಹೋಗುತ್ತದೆ. ಎರಡೂ ಸಂದರ್ಭದಲ್ಲಿ, ನಡೆಯುವವನ ಕೈಗೆ ನೀರು ಸಿಗುವುದಿಲ್ಲ.

ಆ ಪಾಳುಬಿದ್ದ ಊರಿನ ಮೇಲ್ಗಡೆ ಒಂದು ಕೊಳ ಇದೆ, ನಿಜ. ಆ ನೀರು ಇದ್ದದ್ದರಿಂದಲೇ ಅಲ್ಲಿ ಊರು ಇತ್ತು. ಆದರೆ ಅದು ದಾರಿಯ ಕೊನೆಯಲ್ಲಿದೆ. ಹೋಗುವ ಜಾಗವೂ ಸಲೀಸಲ್ಲ. ಅದನ್ನು ನಂಬಿ ಬಾಟಲಿ ಕಡಿಮೆ ಹೊರಬೇಡಿ.

ಇಲ್ಲಿಯವರೆಗೆ ಎರಡು ಮಾತು ಆಯಿತು. ಒಂದು, ದಾರಿ ಎಲ್ಲಿದೆ. ಎರಡು, ಅಲ್ಲಿ ನೀರು ಯಾಕೆ ಇಲ್ಲ. ಈಗ ಗಡಿಯಾರ.

ಒಂದು ಪೆನ್ನು, ಒಂದು ಹಾಳೆ ತೆಗೆದುಕೊಳ್ಳಿ. ಡಿಸೆಂಬರ್ ತಿಂಗಳು ಅಂದುಕೊಳ್ಳೋಣ. ಅಲ್ಲಿ ಸೂರ್ಯ ಮುಳುಗುವುದು ಸಂಜೆ ಐದೂವರೆಗೆ ಕೊಂಚ ಮೊದಲು. ಹಾಳೆಯ ಕೆಳಗಿನ ಸಾಲಿನಲ್ಲಿ ಐದೂವರೆ ಅಂತ ಬರೆಯಿರಿ. ಬೆಟ್ಟದಿಂದ ಕಾರು ಇಳಿಯುವ ರಸ್ತೆ ಕಡಿದಾಗಿದೆ. ತಿರುವುಗಳಿವೆ. ಅದನ್ನು ಬೆಳಕಿನಲ್ಲೇ ಇಳಿಯಬೇಕು. ಆದ್ದರಿಂದ ಅದರ ಮೇಲಿನ ಸಾಲಿನಲ್ಲಿ, ಕಾರು ಹೊರಡುವ ಹೊತ್ತು ಮಧ್ಯಾಹ್ನ ಮೂರೂವರೆ. ಕಾಲು ಚಾಚಿ, ಬೂಟು ಬಿಚ್ಚಿ, ಒಂದು ಲೋಟ ಚಹಾ ಕುಡಿಯಬೇಡವೇ? ಹಾಗಾದರೆ ನಡಿಗೆ ಮುಗಿಯುವುದು ಎರಡೂವರೆ, ಹೆಚ್ಚೆಂದರೆ ಮೂರು. ವಾಪಸು ನಡೆಯಲು ಎರಡೂವರೆ ಗಂಟೆ ಇಟ್ಟುಕೊಳ್ಳಿ. ಅಲ್ಲಿಗೆ ಹನ್ನೆರಡು ಗಂಟೆ. ಈ ಹನ್ನೆರಡರ ಸುತ್ತ ಒಂದು ದುಂಡು ಹಾಕಿ. ನೀವು ಎಲ್ಲೇ ಇರಿ, ಊರು ಕಣ್ಣೆದುರಿಗೇ ಇರಲಿ, ಹನ್ನೆರಡಕ್ಕೆ ಬೆನ್ನು ತಿರುಗಿಸಬೇಕು.

ಇನ್ನೂ ಮೇಲಕ್ಕೆ ಹೋಗೋಣ. ಊರಿನಲ್ಲಿ ಕೂತು ಊಟ ಮಾಡಲು, ಸುತ್ತಾಡಲು ಒಂದು ಗಂಟೆ. ಹೋಗಲು ಎರಡು ಗಂಟೆ. ಅಂದರೆ ನಡಿಗೆ ಶುರುವಾಗುವುದು ಬೆಳಿಗ್ಗೆ ಒಂಬತ್ತಕ್ಕೆ. ಮಸ್ಕತ್ತಿನಿಂದ ಅಲ್ಲಿಗೆ ಸುಮಾರು 240 ಕಿಲೋಮೀಟರ್. ನಿಜ್ವಾವರೆಗೆ ಹೆದ್ದಾರಿ, ಆಮೇಲೆ ಅಲ್ ಹಮ್ರಾ, ಆಮೇಲೆ ಘುಲ್ ಹಳ್ಳಿ, ಅಲ್ಲಿಂದ ಏರು. ಮೂರೂವರೆ ಗಂಟೆ. ನಿಜ್ವಾದಲ್ಲಿ ತಿಂಡಿಗೆ ಅರ್ಧ ಗಂಟೆ. ಹಾಳೆಯ ಮೊದಲ ಸಾಲು ಬಂತು. ಮನೆ ಬಿಡುವುದು ಬೆಳಿಗ್ಗೆ ಐದಕ್ಕೆ.

ಈಗ ಇದೇ ಲೆಕ್ಕವನ್ನು ತಿರುಗಾ ಹಾಕಿ ನೋಡಿ. ರಜಾದಿನ, ನಿಧಾನವಾಗಿ ಎದ್ದು, ದೋಸೆ ತಿಂದು, ಎಂಟಕ್ಕೆ ಹೊರಡೋಣ ಎನ್ನುವ ಮನೆಯವರು. ನಡಿಗೆ ಶುರುವಾಗುವುದು ಮಧ್ಯಾಹ್ನ ಹನ್ನೆರಡಕ್ಕೆ. ಅಂದರೆ ತಿರುಗಿ ಬರಬೇಕಾದ ಹೊತ್ತಿಗೆ ಅವರು ಹೊರಡುತ್ತಿದ್ದಾರೆ. ಅಂಥವರಿಗೆ ನನ್ನ ಸಲಹೆ: ದೋಸೆ ತಿನ್ನಿ, ಮಸ್ಕತ್ತಿನಲ್ಲೇ ಇರಿ. ಅಥವಾ ಹಿಂದಿನ ರಾತ್ರಿಯೇ ಹೋಗಿ ಬೆಟ್ಟದ ಮೇಲೆ ತಂಗಿ. ಅಲ್ಲಿ ತಂಗುವ ವ್ಯವಸ್ಥೆ ಇದೆ.

ಹೋಗಲು ಎರಡು ಗಂಟೆ, ಬರಲು ಎರಡೂವರೆ ಎಂದೆ. 4 ಕಿಲೋಮೀಟರಿಗೆ ಅಷ್ಟು ಹೊತ್ತೇ ಎಂದು ಬೆಳಗಿನ ವಾಕಿಂಗಿನವರು ನಗಬಹುದು. ವಿಲಿಯಂ ನೇಸ್ಮಿತ್ ಎಂಬ ಸ್ಕಾಟ್ಲೆಂಡಿನ ಬೆಟ್ಟ ಹತ್ತುವವನು 1892ರಲ್ಲಿ ಒಂದು ಸೂತ್ರ ಕೊಟ್ಟ. ಸುಮಾರು 5 ಕಿಲೋಮೀಟರ್ ದೂರಕ್ಕೆ ಒಂದು ಗಂಟೆ. ಅದರ ಮೇಲೆ, ಪ್ರತಿ 600 ಮೀಟರ್ ಏರಿಗೆ ಇನ್ನೊಂದು ಗಂಟೆ. ಇಂದಿಗೂ ಬೆಟ್ಟ ಹತ್ತುವವರು ಇದನ್ನು ಬಳಸುತ್ತಾರೆ. ಆದರೆ ಅವನು ಲೆಕ್ಕ ಹಾಕಿದ್ದು ಗಟ್ಟಿ ಕಾಲಿನ, ರೂಢಿಯಿರುವ ನಡಿಗೆಗಾರನಿಗೆ. ಅರವತ್ತು ದಾಟಿದ ಅಮ್ಮ, ಎಂಟು ವರ್ಷದ ಮೊಮ್ಮಗ, ಕಾಲಿಗೆ ಸಿಗುವ ಸಡಿಲ ಕಲ್ಲು, ಪ್ರತಿ ತಿರುವಿನಲ್ಲೂ ಫೋಟೋ. ಇವನ್ನೆಲ್ಲ ಸೇರಿಸಿದರೆ ನೇಸ್ಮಿತ್‌ನ ಉತ್ತರವನ್ನು ದುಪ್ಪಟ್ಟು ಮಾಡಿದರೂ ತಪ್ಪಿಲ್ಲ. ಬರುವಾಗ ಅರ್ಧ ಗಂಟೆ ಜಾಸ್ತಿ ಯಾಕೆಂದರೆ, ಈ ದಾರಿ ಹೋಗುವಾಗ ಒಟ್ಟಾರೆ ಇಳಿಯುತ್ತದೆ. ಬರುವಾಗ ಏರುತ್ತದೆ. ದಣಿದ ಕಾಲಿಗೆ ಏರು ಬಂತು. ನಮ್ಮ ಬೆಟ್ಟಗಳ ಅಭ್ಯಾಸಕ್ಕೆ ಇದು ತಲೆಕೆಳಗು. ಹೋಗುವಾಗಿನ ಸುಖ ನೋಡಿ ಬರುವುದನ್ನು ಅಳೆಯಬೇಡಿ.

ಇದೇ ಸೂತ್ರ ಇನ್ನೊಂದು ಆಸೆಗೂ ಕಡಿವಾಣ ಹಾಕುತ್ತದೆ. ಜೆಬೆಲ್ ಶಮ್ಸ್‌ನ ತುದಿಗೇ ಹೋಗುವ ಬೇರೊಂದು ದಾರಿ ಇದೆ. ಅದರ ಹೆಸರು ಡಬ್ಲ್ಯೂ 4. ಅತಿ ಎತ್ತರದ ನೆತ್ತಿ ಸೇನೆಯ ವಶದಲ್ಲಿದೆ. ಸಾಮಾನ್ಯರು ಹೋಗುವುದು ದಕ್ಷಿಣದ ನೆತ್ತಿಗೆ. ಒಂದು ದಿಕ್ಕಿಗೆ ಹತ್ತಿರ ಹತ್ತಿರ 10 ಕಿಲೋಮೀಟರ್. ಏರು 1,000 ಮೀಟರಿಗೂ ಹೆಚ್ಚು. ನೇಸ್ಮಿತ್ ಪ್ರಕಾರವೇ ಹತ್ತಲು ನಾಲ್ಕು ಗಂಟೆ. ನಮ್ಮಂಥವರಿಗೆ ಐದಾರು. ಇಳಿಯಲು ಮತ್ತೆ ನಾಲ್ಕೈದು. ಡಿಸೆಂಬರಿನ ಹಗಲು ಇರುವುದೇ ಹನ್ನೊಂದು ಗಂಟೆಗಿಂತ ಕಡಿಮೆ. ಮಸ್ಕತ್ತಿನಿಂದ ಬೆಳಿಗ್ಗೆ ಹೊರಟು ಇದನ್ನು ಮುಗಿಸುತ್ತೇನೆ ಎನ್ನುವವರು ಹಾಳೆಯ ಮೇಲೆ ಲೆಕ್ಕ ಹಾಕಿಲ್ಲ ಎಂದೇ ಅರ್ಥ.

ಗಡಿಯಾರದ ಮಾತು ಮುಗಿಯಿತು. ಸಂಜೆಯಿಂದ ಹಿಂದಕ್ಕೆ ಎಣಿಸಿದೆವು. ಹನ್ನೆರಡು ಗಂಟೆಗೆ ದುಂಡು ಹಾಕಿದೆವು. ಈಗ ನೀರನ್ನೂ ಹಾಗೇ ಎಣಿಸೋಣ.

ನೀರು ಮತ್ತು ಹೊತ್ತು ಬೇರೆ ಬೇರೆ ಲೆಕ್ಕ ಎಂದು ನಾವು ಅಂದುಕೊಳ್ಳುತ್ತೇವೆ. ಒಮಾನಿನ ಹಳ್ಳಿಗರು ಹಾಗೆ ಅಂದುಕೊಂಡಿರಲಿಲ್ಲ. ಬೆಟ್ಟದ ಹೊಟ್ಟೆಗೆ ಇಳಿದ ನೀರನ್ನು ಕಾಲುವೆಗಳ ಮೂಲಕ ತೋಟಕ್ಕೆ ತರುವ ಪದ್ಧತಿ ಅಲ್ಲಿ ಶತಮಾನಗಳಿಂದ ಇದೆ. ಆ ಕಾಲುವೆಗೆ ಫಲಜ್ ಎನ್ನುತ್ತಾರೆ. ಒಬ್ಬೊಬ್ಬರ ಪಾಲಿನ ನೀರನ್ನು ಅವರು ಹೊತ್ತಿನಿಂದ ಅಳೆಯುತ್ತಿದ್ದರು. ನಿನ್ನ ತೋಟಕ್ಕೆ ಇಷ್ಟು ಹೊತ್ತು, ನನ್ನ ತೋಟಕ್ಕೆ ಇಷ್ಟು ಹೊತ್ತು. ಹಗಲು ನೆಟ್ಟ ಕಂಬದ ನೆರಳು ನೋಡುತ್ತಿದ್ದರು. ರಾತ್ರಿ ನಕ್ಷತ್ರ ನೋಡುತ್ತಿದ್ದರು. 2006ರಲ್ಲಿ ಇಂಥ ಐದು ಫಲಜ್‌ಗಳನ್ನು ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಅವುಗಳಲ್ಲಿ ಒಂದು ಫಲಜ್ ದಾರಿಸ್. ನಿಜ್ವಾದಲ್ಲಿದೆ. ನಿಮ್ಮ ದಾರಿಯಲ್ಲೇ ಸಿಗುತ್ತದೆ. ತಿಂಡಿಗೆ ನಿಂತಾಗ ಹತ್ತು ನಿಮಿಷ ಅದನ್ನು ನೋಡಿ. ನೀವು ನಡೆಯಲಿರುವಂಥದೇ ಒಣ ಬೆಟ್ಟಗಳು ಬಚ್ಚಿಟ್ಟ ನೀರು ಕೆಳಗೆ ಬಂದು ಖರ್ಜೂರದ ತೋಟಕ್ಕೆ ಹರಿಯುವುದು ಕಾಣುತ್ತದೆ.

ನಾವೂ ಅವರಂತೆ ಹೊತ್ತಿನಿಂದ ನೀರು ಅಳೆಯೋಣ. ಚಳಿಗಾಲದ ನಡಿಗೆಗೆ ಒಬ್ಬರಿಗೆ ಗಂಟೆಗೆ ಅರ್ಧ ಲೀಟರ್. ಬಿಸಿಲು ಜೋರಾದರೆ ಗಂಟೆಗೆ ಒಂದು ಲೀಟರಿನವರೆಗೂ ಬೇಕಾಗುತ್ತದೆ. ಒಂಬತ್ತರಿಂದ ಎರಡೂವರೆ ಎಂದರೆ ಐದೂವರೆ ಗಂಟೆ. ಹತ್ತಿರ ಮೂರು ಲೀಟರ್. ಇದು ಒಬ್ಬರಿಗೆ. ಮನೆಗೆ ಒಂದು ಬಾಟಲಿ ಅಲ್ಲ. ಮೂರು ಲೀಟರ್ ಎಂದರೆ ಮೂರು ಕಿಲೋ ಭಾರ. ಹೊರಬೇಕು. ಹೊರಲಾರದವರ ನೀರನ್ನು ಹೊರುವವರು ಯಾರು ಎಂಬುದೂ ಮನೆಯಲ್ಲೇ ತೀರ್ಮಾನವಾಗಬೇಕು. ಇದಲ್ಲದೆ ಕಾರಿನಲ್ಲಿ ಒಂದು ದೊಡ್ಡ ಕ್ಯಾನು.

ಇನ್ನು ಎಲ್ಲಿ ಎಷ್ಟು ಕುಡಿಯಬೇಕು? ಅರ್ಧ ಹೋಗಲಿಕ್ಕೆ, ಅರ್ಧ ಬರಲಿಕ್ಕೆ ಎಂದು ಹೇಳುವವರಿದ್ದಾರೆ. ನಾನು ಒಪ್ಪುವುದಿಲ್ಲ. ಬರುವಾಗ ಏರು. ಬರುವಾಗ ಮಧ್ಯಾಹ್ನದ ಬಿಸಿಲು. ಸಮಪಾಲು ಹೇಗೆ ಸರಿಯಾಗುತ್ತದೆ? ಮೂರು ಲೀಟರಿನಲ್ಲಿ ಒಂದು ಲೀಟರ್ ಹೋಗಲಿಕ್ಕೆ ಮತ್ತು ಕೂರಲಿಕ್ಕೆ. ಇನ್ನೊಂದು, ಒಂದೂವರೆ ಲೀಟರ್ ಬರಲಿಕ್ಕೆ. ಉಳಿದದ್ದು ಕಾರು ಮುಟ್ಟುವ ತನಕ ಮುಟ್ಟಬಾರದ್ದು. ಯಾರದೋ ಕಾಲು ಉಳುಕಿ ಎರಡು ಗಂಟೆ ತಡವಾದರೆ, ಆ ಎರಡು ಗಂಟೆಯ ನೀರು ಅದು. ಊರು ತಲುಪುವ ಮುಂಚೆಯೇ ಮೊದಲ ಲೀಟರ್ ಖಾಲಿಯಾದರೆ, ಗಡಿಯಾರದಲ್ಲಿ ಹತ್ತೂವರೆಯೇ ಆಗಿರಲಿ, ತಿರುಗುವ ಹೊತ್ತು ಬಂತು. ಹನ್ನೆರಡು ಗಂಟೆ ಮತ್ತು ಮೊದಲ ಲೀಟರ್. ಎರಡರಲ್ಲಿ ಯಾವುದು ಮೊದಲು ಮುಗಿಯುತ್ತದೋ ಅದು.

ಕರಾವಳಿಯವರಿಗೆ ಇಲ್ಲಿ ಒಂದು ವಿಶೇಷ ಎಚ್ಚರಿಕೆ. ಮಂಗಳೂರಿನ ಸೆಕೆಯಲ್ಲಿ ಬೆವರು ಇಳಿಯುವುದು ಗೊತ್ತಾಗುತ್ತದೆ. ಅಂಗಿ ಬೆನ್ನಿಗೆ ಅಂಟುತ್ತದೆ. ಒಣ ಬೆಟ್ಟದ ಗಾಳಿಯಲ್ಲಿ ಬೆವರು ಚರ್ಮದ ಮೇಲೆ ನಿಲ್ಲುವುದೇ ಇಲ್ಲ. ಬಂದ ಹಾಗೆ ಆರಿಹೋಗುತ್ತದೆ. ಅಂಗಿ ಒಣಗಿಯೇ ಇರುತ್ತದೆ. ತಂಪು ಗಾಳಿ ಬೇರೆ. ನಾನು ಬೆವರಲೇ ಇಲ್ಲ, ನೀರು ಯಾಕೆ, ಎಂದು ಅನಿಸುತ್ತದೆ. ಸಂಜೆ ಅಂಗಿಯ ಕಾಲರ್ ನೋಡಿ. ಬಿಳಿ ಉಪ್ಪಿನ ಗೆರೆ ಮೂಡಿರುತ್ತದೆ. ಅಷ್ಟೂ ಬೆವರು ಹೋಗಿದೆ. ಆದ್ದರಿಂದ ಬಾಯಾರಿಕೆಗೆ ಕಾಯಬೇಡಿ. ಇಪ್ಪತ್ತು ನಿಮಿಷಕ್ಕೊಮ್ಮೆ ನಾಲ್ಕು ಗುಟುಕು.

ಬರೀ ನೀರೂ ಸಾಲದು. ಉಪ್ಪು ಹೋಗಿರುತ್ತದಲ್ಲ, ಅದು ವಾಪಸು ಬರಬೇಕು. ಉಪ್ಪು ಕೊಡದೆ ಬರೀ ನೀರನ್ನೇ ಲೀಟರುಗಟ್ಟಲೆ ಕುಡಿದರೆ ರಕ್ತದಲ್ಲಿ ಸೋಡಿಯಂ ಇಳಿದು ಬೇರೆಯೇ ತೊಂದರೆಯಾಗುತ್ತದೆ. ಇದಕ್ಕೆ ದುಬಾರಿ ಪಾನೀಯ ಬೇಡ. ಅಲ್ಲಿ ಅಂಗಡಿಯಲ್ಲಿ ಸಿಗುವ ಲಬಾನ್ ನಮ್ಮ ಮಜ್ಜಿಗೆಯೇ. ಉಪ್ಪು ಹಾಕಿ ಬೆಳಿಗ್ಗೆ ಕುಡಿದು ಹೊರಡಿ. ಚೀಲದಲ್ಲಿ ಖರ್ಜೂರ, ಉಪ್ಪು ಹಾಕಿದ ಕಡಲೆಬೀಜ, ಖುಬ್ಬೂಸ್ ರೊಟ್ಟಿಯ ಒಳಗೆ ಉಪ್ಪಿನಕಾಯಿ. ಓಆರ್‌ಎಸ್ ಪೊಟ್ಟಣ ಎರಡು ಇರಲಿ. ಪೊಟ್ಟಣ ಇಲ್ಲವಾದರೆ ಒಂದು ಲೀಟರ್ ನೀರಿಗೆ ಆರು ಚಹಾ ಚಮಚ ಸಕ್ಕರೆ, ಅರ್ಧ ಚಹಾ ಚಮಚ ಉಪ್ಪು. ಚಮಚ ಸಮಮಟ್ಟ ಇರಬೇಕು, ಗೋಪುರ ಬೇಡ. ರಕ್ತದೊತ್ತಡ, ಸಕ್ಕರೆ ಕಾಯಿಲೆ ಇರುವವರು ಹೊರಡುವ ಮುಂಚೆ ತಮ್ಮ ವೈದ್ಯರ ಮಾತು ಕೇಳಬೇಕು.

ಊಟದ ಚೀಲದ ಬಗ್ಗೆ ಇನ್ನೊಂದು ಮಾತು. ಆ ದಾರಿಯ ಆಡುಗಳಿಗೆ ನಾಚಿಕೆ ಇಲ್ಲ. ನೀವು ಫೋಟೋ ತೆಗೆಯುವಷ್ಟರಲ್ಲಿ ಚಿತ್ರಾನ್ನಕ್ಕೆ ಬಾಯಿ ಹಾಕಿರುತ್ತವೆ.

ಬಿಸಿಲು ತಾಗಿದ್ದರ ಗುರುತು ಹೇಗೆ? ತಲೆನೋವು, ತಲೆಸುತ್ತು, ವಾಕರಿಕೆ, ಮೀನಖಂಡ ಹಿಡಿದುಕೊಳ್ಳುವುದು. ಇಷ್ಟಾದರೆ ನೆರಳು, ಉಪ್ಪುಸಕ್ಕರೆ ನೀರು, ವಿಶ್ರಾಂತಿ. ಆಮೇಲೆ ಮುಂದಕ್ಕಲ್ಲ, ಹಿಂದಕ್ಕೆ. ಆದರೆ ಒಬ್ಬರ ಮಾತು ತೊದಲಿದರೆ, ಎಲ್ಲಿದ್ದೇವೆ ಎಂಬುದೇ ತಿಳಿಯದಂತೆ ಆಡಿದರೆ, ಮೈ ಕೆಂಡವಾಗಿದ್ದರೆ, ಅದು ಜೀವಕ್ಕೆ ಅಪಾಯ. ಬಟ್ಟೆ ಸಡಿಲಿಸಿ, ಮೈಮೇಲೆ ನೀರು ಹಾಕಿ, ಗಾಳಿ ಬೀಸಿ, ಕೂಡಲೇ ಸಹಾಯಕ್ಕೆ ಕರೆಯಬೇಕು.

ಇಲ್ಲಿಯವರೆಗೆ ಗಡಿಯಾರ ಮತ್ತು ನೀರು. ಎರಡಕ್ಕೂ ತಿರುಗುವ ಒಂದು ಗಡಿ ಹಾಕಿದೆವು. ಈಗ ಕಷ್ಟದ ಭಾಗ. ಆ ಗಡಿಯನ್ನು ಪಾಲಿಸುವವರು ಯಾರು?

ದಾರಿಯಲ್ಲಿ ನಡೆಯುವ ಮಾತುಕತೆ ಹೀಗಿರುತ್ತದೆ. "ಅಪ್ಪ, ಇನ್ನೊಂದು ತಿರುವು ಅಷ್ಟೇ." "ಬೇಡ ಮಾರಾಯ, ನೀವು ಹೋಗಿ ಬನ್ನಿ, ನಾನು ಇಲ್ಲೇ ಕೂತಿರುತ್ತೇನೆ." ಕೇಳಲು ಎಷ್ಟು ಸಹಜ! ಎರಡೂ ತಪ್ಪು. ಆ ದಾರಿಯಲ್ಲಿ ಇನ್ನೊಂದು ತಿರುವು ಯಾವಾಗಲೂ ಇರುತ್ತದೆ. ಮತ್ತೆ, ದಣಿದವರನ್ನು ಒಂಟಿಯಾಗಿ ಬಂಡೆಯ ಮೇಲೆ ಕೂರಿಸಿ ಉಳಿದವರು ಮುಂದೆ ಹೋಗುವುದು ಮರುಭೂಮಿಯ ಬೆಟ್ಟದಲ್ಲಿ ಮಾಡಬಾರದ ಕೆಲಸ. ಅವರಿಗೆ ತಲೆ ಸುತ್ತಿದರೆ ಪಕ್ಕದಲ್ಲಿ ಯಾರೂ ಇರುವುದಿಲ್ಲ. ಅವರೇ ಬೇಸರವಾಗಿ ಎದ್ದು ನಡೆದರೆ ನಿಮಗೆ ಸಿಗುವುದಿಲ್ಲ. ಹೋದರೆ ಎಲ್ಲರೂ. ತಿರುಗಿದರೆ ಎಲ್ಲರೂ.

ಅದಕ್ಕೇ ತೀರ್ಮಾನ ದಾರಿಯಲ್ಲಿ ಆಗಬಾರದು. ಬೆಟ್ಟದ ಮೇಲೆ ಯಾರಿಗೂ ಬೇಡ ಅನ್ನುವ ಧೈರ್ಯ ಬರುವುದಿಲ್ಲ. ಮಗ ರಜೆ ಹಾಕಿ ಕರೆತಂದಿದ್ದಾನೆ, ಹೇಗೆ ಬೇಡ ಅನ್ನುವುದು ಎಂದು ಅಪ್ಪ ಸುಮ್ಮನಿರುತ್ತಾರೆ. ಅಪ್ಪನಿಗೆ ನಿರಾಸೆ ಆಗಬಾರದು ಎಂದು ಮಗ ಎಳೆಯುತ್ತಾನೆ. ಪ್ರೀತಿಯೇ ಅಪಾಯ ತರುವ ಜಾಗ ಇದು. ಹಿಂದಿನ ರಾತ್ರಿ ಊಟಕ್ಕೆ ಕೂತಾಗ ಹನ್ನೆರಡು ಗಂಟೆ ಎಂದು ಎಲ್ಲರೂ ಒಪ್ಪಿಕೊಂಡಿದ್ದರೆ, ದಾರಿಯಲ್ಲಿ ಯಾರೂ ಯಾರಿಗೂ ಬೇಡ ಅನ್ನಬೇಕಾಗಿಲ್ಲ. ಗಡಿಯಾರ ಅನ್ನುತ್ತದೆ. ಆ ಗಡಿಯಾರವನ್ನು ಗುಂಪಿನಲ್ಲಿ ಎಲ್ಲರಿಗಿಂತ ನಿಧಾನ ನಡೆಯುವವರ ಕೈಗೆ ಕೊಡಿ. ಅವರನ್ನೇ ಮುಂದೆ ಬಿಡಿ. ಉಳಿದವರು ಅವರ ಹಿಂದೆ.

ಎತ್ತರದ ಭಯ ಇರುವವರು ಮೊದಲೇ ಹೇಳಬೇಕು. ದಾರಿ ತೀರಾ ಕಿರಿದಲ್ಲ. ಆದರೆ ಕಮರಿಯ ಕಡೆಗೆ ಕಟಾಂಜನ ಇಲ್ಲ. ಬಿಳಿ ರಣಹದ್ದುಗಳು ನಿಮ್ಮ ಕಾಲಿಗಿಂತ ಕೆಳಗೆ ಹಾರುತ್ತಿರುತ್ತವೆ. ಹಕ್ಕಿಯ ಬೆನ್ನನ್ನು ಮೇಲಿನಿಂದ ನೋಡುವುದು ಕೆಲವರಿಗೆ ಪರಮಾನಂದ. ಕೆಲವರಿಗೆ ಅಲ್ಲೇ ಕಾಲು ನಡುಕ. ಚಿಕ್ಕ ಮಕ್ಕಳ ಕೈ ಬಿಡುವ ಮಾತೇ ಇಲ್ಲ, ಬಂಡೆಯ ಕಡೆ ಅವರು, ಗಾಳಿಯ ಕಡೆ ನೀವು.

ದಾರಿ ತಪ್ಪುವುದು ಇಲ್ಲಿ ಕಡಿಮೆ. ಬಂಡೆಗಳ ಮೇಲೆ ಹಳದಿ, ಬಿಳಿ, ಕೆಂಪು ಪಟ್ಟೆಗಳ ಗುರುತು ಬಳಿದಿದ್ದಾರೆ. ಒಮಾನಿನ ಬೆಟ್ಟದ ದಾರಿಗಳಿಗೆಲ್ಲ ಇದೇ ಗುರುತು. ಹತ್ತು ನಿಮಿಷ ನಡೆದರೂ ಗುರುತು ಕಾಣಲಿಲ್ಲವೆಂದರೆ ಮುಂದೆ ಹುಡುಕಬೇಡಿ. ಕೊನೆಯ ಗುರುತು ಕಂಡ ಜಾಗಕ್ಕೆ ವಾಪಸು ಬನ್ನಿ. ಇಲ್ಲೂ ಅದೇ ಸೂತ್ರ, ಹಿಂದಕ್ಕೆ.

ಗಡಿಯಾರ, ನೀರು, ಜೊತೆಗಾರರು. ಮೂರೂ ನಮ್ಮ ಕೈಯಲ್ಲಿರುವ ಲೆಕ್ಕ. ಇನ್ನೊಂದು ನಮ್ಮ ಕೈಯಲ್ಲಿಲ್ಲ. ಅದು ಹವಾಮಾನ.

ಮರುಭೂಮಿಯಲ್ಲಿ ಮಳೆಗೆ ಹೆದರಬೇಕೇ? ಹೆದರಬೇಕು. ಆಗಲೇ ಹೇಳಿದೆ, ಬೋಳು ಬಂಡೆ ನೀರು ಹಿಡಿಯುವುದಿಲ್ಲ. ಮಣ್ಣಿಲ್ಲ, ಬೇರಿಲ್ಲ. ಎಲ್ಲೋ ಮೇಲೆ ಅರ್ಧ ಗಂಟೆ ಸುರಿದ ಮಳೆ, ಇಲ್ಲಿ ಬಿಸಿಲಿರುವಾಗಲೇ ಕೆಳಗಿನ ಒಣ ಹೊಳೆಯಲ್ಲಿ ಗೋಡೆಯಂತೆ ಬರುತ್ತದೆ. ಅಲ್ಲಿ ಒಣ ಹೊಳೆಗೆ ವಾದಿ ಎನ್ನುತ್ತಾರೆ. 2024ರ ಏಪ್ರಿಲ್‌ನಲ್ಲಿ ಹೀಗೆ ಬಂದ ಪ್ರವಾಹದಲ್ಲಿ ಒಮಾನಿನಲ್ಲಿ ಶಾಲೆಯ ಮಕ್ಕಳೂ ಸೇರಿ ಹಲವರು ಜೀವ ಕಳೆದುಕೊಂಡರು. ಹರಿಯುವ ವಾದಿಗೆ ವಾಹನ ಇಳಿಸುವುದು ಅಲ್ಲಿ ಕಾನೂನಿನ ಪ್ರಕಾರ ಅಪರಾಧ. ಆದ್ದರಿಂದ ಹಿಂದಿನ ದಿನವೇ ಹವಾಮಾನ ಮುನ್ಸೂಚನೆ ನೋಡಿ. ಗುಡುಗುಮಳೆ ಎಂದಿದ್ದರೆ ಹೋಗಬೇಡಿ. ನೀವು ನಡೆಯುವ ದಾರಿ ಮೇಲಿದೆ, ನಿಜ. ಆದರೆ ವಾಪಸು ಇಳಿಯುವ ರಸ್ತೆ ವಾದಿಯ ಪಕ್ಕದಲ್ಲೇ ಇದೆ. ಮತ್ತೆ ವಾಪಸಿನ ಲೆಕ್ಕವೇ ಬಂತು.

ಚಳಿಯ ಬಗ್ಗೆಯೂ ಒಂದು ಮಾತು. 1,000 ಮೀಟರ್ ಏರಿದರೆ ಉಷ್ಣಾಂಶ ಆರೇಳು ಡಿಗ್ರಿ ಇಳಿಯುತ್ತದೆ. ಮಸ್ಕತ್ತಿನಲ್ಲಿ ಹಗಲು 25 ಡಿಗ್ರಿ ಇದ್ದರೆ ಮೇಲೆ 12, 13. ಚಳಿಗಾಲದ ರಾತ್ರಿ ಸೊನ್ನೆಯ ಹತ್ತಿರ ಬರುತ್ತದೆ. ಗಲ್ಫ್ ಎಂದರೆ ಸೆಕೆ ಎಂದು ತಿಳಿದು ಬರೀ ಅಂಗಿಯಲ್ಲಿ ಹೋದವರು ಬೆಳಿಗ್ಗೆ ಕಾರಿನಿಂದ ಇಳಿಯುವುದೇ ಇಲ್ಲ. ಒಂದು ಸ್ವೆಟರ್ ಇರಲಿ. ಉಳಿದಂತೆ ತುಂಬುತೋಳಿನ ಹತ್ತಿ ಅಂಗಿ, ಅಗಲ ಅಂಚಿನ ಟೋಪಿ, ಹಿಡಿತವಿರುವ ಬೂಟು, ಸಣ್ಣ ಟಾರ್ಚ್. ಚಪ್ಪಲಿ ಬೇಡವೇ ಬೇಡ. ಕಾರು ನಾಲ್ಕು ಚಕ್ರಕ್ಕೂ ಬಲವಿರುವ ಫೋರ್ ವೀಲ್ ಡ್ರೈವ್ ಆದರೆ ಒಳ್ಳೆಯದು.

ಆ ಬೆಟ್ಟದಲ್ಲಿ ಜನ ಬದುಕುತ್ತಿದ್ದಾರೆ ಎನ್ನುವುದನ್ನೂ ಮರೆಯಬಾರದು. ಅಲ್ ಖಿತೈಮ್‌ನಲ್ಲಿ ಉಣ್ಣೆಯಲ್ಲಿ ನೇಯ್ದ ಸಣ್ಣಪುಟ್ಟ ವಸ್ತುಗಳನ್ನು ಮಾರುತ್ತಾರೆ. ಬೇಕಿದ್ದರೆ ಕೊಳ್ಳಿ. ಹೆಂಗಸರ ಫೋಟೋ ಕೇಳದೆ ತೆಗೆಯಬೇಡಿ. ಮೈತುಂಬ ಬಟ್ಟೆ ಇರಲಿ, ಅದು ಬಿಸಿಲಿಗೂ ಒಳ್ಳೆಯದು, ಮರ್ಯಾದೆಗೂ ಒಳ್ಳೆಯದು. ಪಾಳು ಮನೆಗಳ ಗೋಡೆ ಹತ್ತಬೇಡಿ. ಪ್ಲಾಸ್ಟಿಕ್ ಬಾಟಲಿಗಳು ಎಷ್ಟು ಹೋದವೋ ಅಷ್ಟೂ ವಾಪಸು ಬರಲಿ.

ಹೋಗುವ ಕಾಲ ನವೆಂಬರಿನಿಂದ ಮಾರ್ಚ್ ಮಧ್ಯದವರೆಗೆ. ಬೇಸಿಗೆಯಲ್ಲಿ ಮಸ್ಕತ್ತು 40 ಡಿಗ್ರಿ ದಾಟಿ ಕುದಿಯುವಾಗ ಮೇಲೆ ತಂಪು ಎಂದು ಹೋಗುವವರಿದ್ದಾರೆ. ಗಾಳಿ ತಂಪಿರುತ್ತದೆ, ಬಿಸಿಲು ತಂಪಿರುವುದಿಲ್ಲ. ಬೇಸಿಗೆಯಲ್ಲಿ ಕಾರಿನಲ್ಲಿ ಹೋಗಿ ಕಮರಿ ನೋಡಿ ಬನ್ನಿ. ನಡೆಯಬೇಡಿ.

ಕೊನೆಯದಾಗಿ, ಕೇಳುಗರೇ, ನಾವು ಬರೆದ ಆ ಹಾಳೆ. ಅದನ್ನು ಜೇಬಿನಲ್ಲಿಟ್ಟುಕೊಂಡು ಹೋಗಬೇಡಿ. ಕಣಿವೆಯೊಳಗೆ ಮೊಬೈಲ್ ಸಿಗ್ನಲ್ ನಂಬುವಂತಿಲ್ಲ. ಅಲ್ಲಿಂದ ಫೋನ್ ಮಾಡುತ್ತೇವೆ ಎನ್ನುವುದು ಯೋಜನೆಯಲ್ಲ. ಹಾಳೆಯ ಹಿಂಬದಿಯಲ್ಲಿ ಇಷ್ಟು ಬರೆಯಿರಿ: ಯಾವ ದಾರಿ, ಯಾರು ಯಾರು, ಕಾರಿನ ನಂಬರು, ಕಾರಿಗೆ ವಾಪಸಾಗುವ ಹೊತ್ತು ಮೂರು ಗಂಟೆ, ಸಂಜೆ ಆರರೊಳಗೆ ನಮ್ಮ ಫೋನ್ ಬರದಿದ್ದರೆ ಪೊಲೀಸರಿಗೆ ತಿಳಿಸಿ. ಅದರ ಫೋಟೋ ತೆಗೆದು ಮಸ್ಕತ್ತಿನಲ್ಲೇ ಇರುವ ಒಬ್ಬ ಸ್ನೇಹಿತರಿಗೆ, ಇಲ್ಲವೇ ಪಕ್ಕದ ಮನೆಯವರಿಗೆ ಕಳಿಸಿ. ಕಳಿಸಿದರೆ ಸಾಲದು, ಅವರು ಓದಿದ್ದಾರೆಯೇ ಎಂದು ಕೇಳಿ. ಸಂಜೆ ಅಲ್ ಹಮ್ರಾ ತಲುಪಿದ ಕೂಡಲೇ ಅವರಿಗೆ ಫೋನ್ ಮಾಡುವುದನ್ನು ಮರೆಯಬೇಡಿ. ಒಮಾನಿನಲ್ಲಿ ಪೊಲೀಸ್, ಆಂಬುಲೆನ್ಸ್, ರಕ್ಷಣೆ, ಎಲ್ಲಕ್ಕೂ ಕರೆಯಬೇಕಾದ ಸಂಖ್ಯೆ ಒಂದೇ. ನಾಲ್ಕು ಬಾರಿ ಒಂಬತ್ತು, 9999. ಹಾಳೆಯ ತಲೆಯ ಮೇಲೆ ಅದನ್ನು ದೊಡ್ಡದಾಗಿ ಬರೆಯಿರಿ.